ಓದುಗರ ಸ್ಪಂದನ: ಗದ್ದೆ ಮಾರಿ ಮಗನನ್ನು ರೇಸಿಗೆ ಕಳಿಸಬೇಕಾ?

ಕಾರಟಗಿ ಕಡೆಯ ತಂದೆಯೊಬ್ಬರು ಹೋದ ಸಂಚಿಕೆಯಲ್ಲಿ ತಮ್ಮ ಕಷ್ಟ ಬರೆದಿದ್ದರು. ಮಗನಿಗೆ 14 ವರ್ಷ, ಬರುವ ವರ್ಷ ಎಸ್ಸೆಸ್ಸೆಲ್ಸಿ. ರಜೆಯಲ್ಲಿ ಬೆಂಗಳೂರಿನ ಸೋದರಮಾವನ ಮನೆಗೆ ಹೋಗಿ ಕಾರ್ಟಿಂಗ್ (ಪುಟ್ಟ ತೆರೆದ ಕಾರಿನ ರೇಸು) ಕಲಿತಿದ್ದಾನೆ, ಎರಡು ಕಪ್ ತಂದಿದ್ದಾನೆ. 15 ತುಂಬಿದ ಕೂಡಲೇ ಫಾರ್ಮುಲಾ 4 (ಒಬ್ಬರೇ ಕೂರುವ ರೇಸ್ ಕಾರುಗಳ ಮೊದಲ ಹಂತ) ಸೀಸನ್, ಅಂದರೆ ಆ ವರ್ಷದ ರೇಸುಗಳನ್ನೆಲ್ಲಾ, ಓಡಿಸಬೇಕಂತೆ. ಟೀಮಿನವರೊಬ್ಬರು ಮುಂಗಡ ಕಟ್ಟಿ, ಇಲ್ಲದಿದ್ದರೆ ಸೀಟು ಹೋಗುತ್ತದೆ ಅಂತ ಬೆನ್ನು ಬಿದ್ದಿದ್ದಾರೆ. ಕಾಲುವೆ ಪಕ್ಕದ ಮೂರು ಎಕರೆ ಮಾರಿದರೆ ದುಡ್ಡು ಹೊಂದುತ್ತದೆ. ಆದರೆ ತಾಯಿ, ಹೆಂಡತಿ ಇಬ್ಬರೂ ಮಾತು ಬಿಟ್ಟಿದ್ದಾರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಣ್ಣ, ಮೊದಲು ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ ಎರಡು ಕಪ್ ಯಾವ ಕಾರ್ಟಿನಲ್ಲಿ ಬಂದವು? ದುಡ್ಡು ಕೊಟ್ಟು ಹತ್ತು ನಿಮಿಷ ಓಡಿಸುವ ಬಾಡಿಗೆ ಕಾರ್ಟಿನಲ್ಲಾ, ಇಲ್ಲ ರೋಟಾಕ್ಸ್ ಮ್ಯಾಕ್ಸ್ ರಾಷ್ಟ್ರೀಯ ರೇಸಿನಲ್ಲಾ? ಎರಡಕ್ಕೂ ಅಜಗಜಾಂತರ. ರೋಟಾಕ್ಸ್ ಅಂದರೆ 125 ಸಿಸಿ ಟೂ ಸ್ಟ್ರೋಕ್ ಎಂಜಿನ್. ವಯಸ್ಸು ನೋಡಿ ಮೈಕ್ರೋ, ಮಿನಿ, ಜೂನಿಯರ್, ಸೀನಿಯರ್ ಅಂತ ವಿಭಾಗ ಮಾಡಿರುತ್ತಾರೆ. ದೇಶದ ಎಲ್ಲಾ ಕಡೆಯ ಚುರುಕು ಹುಡುಗರು ಅಲ್ಲಿ ಬಂದಿರುತ್ತಾರೆ, ಆರೇಳು ವರ್ಷದಿಂದ ಅದನ್ನೇ ಮಾಡಿದವರು. ಅಲ್ಲಿ ಜೂನಿಯರ್‌ನಲ್ಲಿ ನಿಮ್ಮ ಹುಡುಗ ಮೊದಲ ಐದರೊಳಗೆ ಇದ್ದಾನೆ ಅಂದರೆ ಕೂತು ಮಾತಾಡೋಣ. ಬಾಡಿಗೆ ಕಾರ್ಟಿನ ಕಪ್ ಆಗಿದ್ದರೆ ಗದ್ದೆಯ ಮಾತೇ ಎತ್ತಬೇಡಿ.

ಇನ್ನೊಂದು, ಫಾರ್ಮುಲಾ 4 ಅಂತ ಎರಡಿವೆ, ಯಾವುದಕ್ಕೆ ಮುಂಗಡ ಕೇಳುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಎಲ್‌ಜಿಬಿ ಫಾರ್ಮುಲಾ 4 ನಮ್ಮದೇ ದೇಶದ ಹಳೇ ಕ್ಲಾಸು. ಕಬ್ಬಿಣದ ಪೈಪಿನ ಚಾಸಿ, ಮಾರುತಿ ಎಂಜಿನ್, ಜಾಸ್ತಿ ರೇಸು ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ. ಫಾರ್ಮುಲಾ ಮಾರುತಿ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರನ್ನೇ ಆ ಟ್ರ್ಯಾಕಿಗೆ ಇಟ್ಟಿದ್ದಾರೆ. ಭಾರತದ ಮೊದಲ ಎಫ್-1 (ಫಾರ್ಮುಲಾ 1, ಈ ರೇಸುಗಳ ತುತ್ತತುದಿ) ಚಾಲಕ ನಾರಾಯಣ್ ಕಾರ್ತಿಕೇಯನ್ ಕೂಡ ಶುರು ಮಾಡಿದ್ದು ಫಾರ್ಮುಲಾ ಮಾರುತಿಯಲ್ಲೇ. ಇನ್ನೊಂದು ಎಫ್‌ಐಎ (ಜಗತ್ತಿನ ಮೋಟಾರ್ ರೇಸ್ ಸಂಸ್ಥೆ) ಎಫ್-4, ನಮ್ಮಲ್ಲಿ 2023ರಲ್ಲಿ ಶುರುವಾಯಿತು. ಫ್ರಾನ್ಸಿನ ಮಿಗಾಲ್ ಕಾರು, ಕಾರ್ಬನ್ ಫೈಬರ್ ಮೈ, ಟರ್ಬೊ ಎಂಜಿನ್, ತಲೆ ಕಾಯಲು ಮೇಲೆ ಹೇಲೊ ಅನ್ನುವ ಗಟ್ಟಿ ಕಂಬಿ. ಎರಡರ ಖರ್ಚಿಗೂ ತಾಳಮೇಳ ಇಲ್ಲ. ಒಂದು ಸೀಸನ್ ಎಲ್‌ಜಿಬಿ ಓಡಿಸಲಿ, ಅಲ್ಲಿ ಎಲ್ಲರಿಗೂ ಒಂದೇ ಥರದ ಕಾರು, ಹುಡುಗನ ಕೈ ಎಷ್ಟು, ಕಾರಿನದು ಎಷ್ಟು ಅಂತ ಬೇಗ ಗೊತ್ತಾಗುತ್ತದೆ.

ಮುಂಗಡ ಕಟ್ಟುವ ಮುಂಚೆ ಕರಾರು ಪತ್ರ ಕೈಗೆ ತಗೊಳ್ಳಿ, ಬಾಯಿಮಾತು ಬೇಡ. ಎಷ್ಟು ಟೆಸ್ಟ್ ದಿನ, ಟೈರ್ ಎಷ್ಟು ಸೆಟ್, ಊಟ ವಸತಿ ಯಾರದು, ಒಂದು ರೌಂಡ್ (ಒಂದು ವಾರಾಂತ್ಯದ ರೇಸುಗಳು) ರದ್ದಾದರೆ ದುಡ್ಡು ವಾಪಸ್ಸಾ, ಎಲ್ಲಾ ಬರೆಸಿಕೊಳ್ಳಿ. ಮುಖ್ಯವಾಗಿ ಡ್ಯಾಮೇಜ್. ಮೊದಲ ತಿರುವಿನಲ್ಲಿ ಹಿಂದಿನವನು ಬಂದು ಗುದ್ದಿದರೂ ರಿಪೇರಿ ಬಿಲ್ ನಿಮ್ಮ ತಲೆಗೇ ಬರುವ ಹಾಗೆ ಕರಾರು ಇರುತ್ತದೆ. ಚೆನ್ನೈ ಟ್ರ್ಯಾಕಿನ ಪಿಟ್‌ನಲ್ಲಿ (ಟೀಮುಗಳು ಕಾರು ರಿಪೇರಿ ಮಾಡುವ ಜಾಗ) ನಾನು ನೋಡಿದ್ದು ಹೇಳುತ್ತೇನೆ. ಕಾರಿನ ಮುರಿದ ಮೂಗು, ಚಕ್ರ ಹಿಡಿಯುವ ವಿಶ್‌ಬೋನ್ ಕಂಬಿ ಬಾಗಿದ್ದು, ಒಡೆದ ರೇಡಿಯೇಟರ್ ಎಲ್ಲಾ ಟಾರ್ಪಾಲಿನ ಮೇಲೆ ಸಾಲಾಗಿ ಇಟ್ಟಿದ್ದರು. ಹುಡುಗನ ಅಪ್ಪ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದು ಒಂದೊಂದರ ರೇಟು ಕೇಳಿ ಕೂಡಿಸುತ್ತಿದ್ದರು, ಹುಡುಗ ಹೆಲ್ಮೆಟ್ ತೆಗೆಯದೆ ಪಕ್ಕದಲ್ಲೇ ನಿಂತಿದ್ದ. ಶನಿವಾರದ ಮಾತದು, ಭಾನುವಾರದ ರೇಸು ಇನ್ನೂ ಬಾಕಿ ಇತ್ತು.

— ಗ್ಯಾರೇಜಿನವರು, ಕೌಲ್ ಬಜಾರ್, ಬಳ್ಳಾರಿ (ಕೆಲವು ಸೀಸನ್ ರೇಸ್ ಟೀಮಿನಲ್ಲಿ ಮೆಕ್ಯಾನಿಕ್ ಆಗಿದ್ದವನು)

*

ಮಾರಬೇಡಿ. ಸೀಸನ್ ಮುಗಿದ ಮೇಲೆ ಕಾರೂ ನಿಮ್ಮದಲ್ಲ, ಗದ್ದೆಯೂ ನಿಮ್ಮದಲ್ಲ. 'ಸೀಟು ಹೋಗುತ್ತದೆ' ಅಂತ ಅವಸರ ಮಾಡುವವರನ್ನು ಸೈಟ್ ವ್ಯವಹಾರದಲ್ಲಿ ನಾವು ಸಾಕಷ್ಟು ನೋಡಿದ್ದೇವೆ.

— ಸಿಂಧನೂರು

*

ಎಲ್ಲರೂ ಗದ್ದೆ ಗದ್ದೆ ಅಂತ ಎದೆ ಬಡ್ಕೊಳ್ತಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಮೂರು ಎಕರೆಯನ್ನು ಮೆಡಿಕಲ್ ಸೀಟಿಗೆ ಮಾರಿದ್ದರೆ ಮನೆಯಲ್ಲಿ ಯಾರಾದರೂ ಮಾತು ಬಿಡುತ್ತಿದ್ದರಾ? ಊರವರು ಬಂದು ಶಾಲು ಹಾಕುತ್ತಿದ್ದರು. ಗದ್ದೆಯನ್ನೂ ಅಷ್ಟು ನಂಬಬೇಡಿ ಸಾಹೇಬ್ರೇ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಾವೆಲ್ಲಾ ನಿದ್ದೆ ಬಿಟ್ಟು ಕೂತಿರಲಿಲ್ವಾ?

ಆದರೂ ನಾನು ಮಾರಿ ಅನ್ನುವುದಿಲ್ಲ, ಕಾರಣ ಬೇರೆ. ಎಫ್-4 ಅನ್ನುವುದು ಮೊದಲ ಮೆಟ್ಟಿಲು ಅಷ್ಟೇ. ಆಮೇಲೆ ಎಫ್-3, ಎಫ್-2. ಎಫ್-1 ಬೇಕು ಅಂದರೆ ಅದನ್ನು ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ 40 ಪಾಯಿಂಟ್ ಆಗಬೇಕು, ಎಫ್-4 ಚಾಂಪಿಯನ್ ಆದರೂ ಸಿಗುವುದು ಹೆಚ್ಚೆಂದರೆ 12. ಮೇಲೆ ಹೋದಂತೆಲ್ಲಾ ಖರ್ಚು ಯುರೋದಲ್ಲಿ, ಕೋಟಿಗಳ ಲೆಕ್ಕ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್-2 ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದಾಗ ನಾನೂ ಕುಣಿದೆ. ಆದರೆ ಅದು ಉದ್ಯಮಿಗಳ ಮನೆ. ಮೂರು ಎಕರೆ ಒಂದು ಮೆಟ್ಟಿಲಿಗೆ ಖಾಲಿ, ಎರಡನೇ ಮೆಟ್ಟಿಲಿಗೆ ಏನು ಮಾರುತ್ತೀರಿ? ಸ್ಪಾನ್ಸರ್ ಹುಡುಕುವ ಕೆಲಸ ಇವತ್ತಿನಿಂದಲೇ ಶುರು ಮಾಡಿ. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳಿಗೇನು ಬರವಾ? ಅಕ್ಕಿ ಚೀಲದ ಮೇಲೆ ಹಾಕುವ ಹೆಸರನ್ನು ಹೆಲ್ಮೆಟ್ ಮೇಲೂ ಹಾಕಲಿ. ಹತ್ತು ಜನ ಇಲ್ಲ ಅಂದರೆ ಒಬ್ಬ ಹೂಂ ಅನ್ನಬಹುದು. ಯಾರೂ ಅನ್ನಲಿಲ್ಲ ಅಂದರೆ ಅದೂ ಒಂದು ಉತ್ತರ.

— ಗಂಗಾವತಿ

*

ನಾನು ಹೈಸ್ಕೂಲಿನಲ್ಲಿ ಪಿಟಿ ಮೇಡಂ. ಅಪ್ಪನಿಗೆ ಎಲ್ಲರೂ ಬರೆದಿರುತ್ತಾರೆ, ನಾನು ಹುಡುಗನಿಗೇ ಬರೆಯುತ್ತೇನೆ.

ತಮ್ಮಾ, ಎಫ್-4 ಕಾರಿಗೆ ಪವರ್ ಸ್ಟೀರಿಂಗ್ ಇರುವುದಿಲ್ಲ ಗೊತ್ತಾ? ತಿರುವಿನಲ್ಲಿ ತಲೆ ಪಕ್ಕಕ್ಕೆ ವಾಲುತ್ತದೆ, ಅದನ್ನು ಹಿಡಿದು ನಿಲ್ಲಿಸಬೇಕಾದ್ದು ಕತ್ತು. ಬ್ರೇಕ್ ಎಡಗಾಲಿನಲ್ಲಿ, ಅದೂ ಸುಮ್ನೆ ಮುಟ್ಟಿದರೆ ಆಗಲ್ಲ, ಒದ್ದ ಹಾಗೆ ಒತ್ತಬೇಕು. ಮೈಮೇಲೆ ಬೆಂಕಿ ತಡೆಯುವ ದಪ್ಪ ಸೂಟು, ಒಳಗೆ ಇನ್ನೊಂದು ಪದರ, ಮುಖಕ್ಕೆ ಮುಸುಕು, ಅದರ ಮೇಲೆ ಹೆಲ್ಮೆಟ್. ಚೆನ್ನೈ ಸೆಖೆಯಲ್ಲಿ ಅಷ್ಟೆಲ್ಲಾ ಹಾಕ್ಕೊಂಡು ಗ್ರಿಡ್‌ನಲ್ಲಿ, ಅಂದರೆ ರೇಸು ಶುರುವಾಗುವ ಸಾಲಿನಲ್ಲಿ, ಕೂರಬೇಕು. ರಾಯಚೂರು ಕೊಪ್ಪಳದವರಿಗೆ ಬಿಸಿಲು ಹೊಸದೇನಲ್ಲ, ಅದೊಂದು ನಿನಗೆ ಲಾಭ. ಈ ವರ್ಷ ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಇದೇ: ಬೆಳಿಗ್ಗೆ ಓಟ, ಕತ್ತಿಗೂ ಭುಜಕ್ಕೂ ವ್ಯಾಯಾಮ, ಕತ್ತಿನದು ಮಾತ್ರ ತಿಳಿದವರನ್ನು ಕೇಳಿಯೇ ಮಾಡು. ಎಂಟು ತಿಂಗಳು ಯಾರೂ ಹೇಳದೆ ನೀನೇ ಎದ್ದು ಮಾಡಿದರೆ ನಿಮ್ಮ ಅಜ್ಜಿ ತಾನಾಗಿಯೇ ಮಾತಾಡ್ತಾರೆ.

ಮತ್ತೆ ಎಸ್ಸೆಸ್ಸೆಲ್ಸಿ. ರೇಸುಗಳು ಸಾಮಾನ್ಯವಾಗಿ ವರ್ಷದ ಎರಡನೇ ಅರ್ಧದಲ್ಲಿ ಬರುತ್ತವೆ, ನಿನ್ನ ಸಿಲಬಸ್ ಓಡುವುದೂ ಆಗಲೇ. 15 ಅನ್ನುವುದು ಎಫ್-4ಗೆ ಕನಿಷ್ಠ ವಯಸ್ಸು, ಅವತ್ತೇ ಬರಬೇಕು ಅಂತ ಕರೆಯೋಲೆ ಅಲ್ಲ. ಹತ್ತನೇ ಕ್ಲಾಸು ಮುಗಿಸಿ 16ಕ್ಕೆ ಹೋದರೆ ಏನೂ ಕೆಟ್ಟು ಹೋಗಲ್ಲ.

— ಪಿಟಿ ಮೇಡಂ, ರಾಯಚೂರು

*

ಅಂಕಲ್, ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಜನವರಿಯಲ್ಲಿ ಕೊಯಮತ್ತೂರಿನ ಅದೇ ಕರಿ ಟ್ರ್ಯಾಕಿನಲ್ಲಿ ಫಾರ್ಮುಲಾ ಭಾರತ್ ಅಂತ ಕಾಲೇಜು ಹುಡುಗರ ಸ್ಪರ್ಧೆ ನಡೆಯುತ್ತದೆ, ಕಾರು ನಾವೇ ಕಟ್ಟಿ ನಾವೇ ಓಡಿಸಬೇಕು. ನಮ್ಮ ಟೀಮಿನಲ್ಲಿ ಡ್ರೈವರ್ ಆಗಲು ಬಂದವರು ಜಾಸ್ತಿ, ಆಮೇಲೆ ಸಸ್ಪೆನ್ಷನ್, ಡೇಟಾ ಅಂತ ಅದರಲ್ಲೇ ಮುಳುಗಿ ಹೋದವರೂ ಇದ್ದಾರೆ. ನಿಮ್ಮ ಮಗ ಡ್ರೈವರೇ ಆಗಲಿ, ಬೇಡ ಅನ್ನಲ್ಲ. ಆದರೆ ದುಡ್ಡು ಕಟ್ಟುವ ಮುಂಚೆ ಯಾವುದಾದರೂ ಒಂದು ರೌಂಡಿಗೆ ಇಬ್ಬರೂ ಸುಮ್ನೆ ನೋಡಲು ಹೋಗಿ, ಅಮ್ಮನನ್ನೂ ಕರ್ಕೊಂಡು ಹೋಗಿ. ಶುಕ್ರವಾರವೇ ಹೋಗಿ, ಭಾನುವಾರ ಕಪ್ ಕೊಡುವ ಹೊತ್ತಿಗೆ ಅಲ್ಲ. ಕೊನೇ ಸಾಲಿನಲ್ಲಿ ಓಡುವ ಹುಡುಗರ ಅಪ್ಪಂದಿರನ್ನು ಹುಡುಕಿ ಮಾತಾಡಿಸಿ, ಟೀಮಿನವರು ಹೇಳದ ರೇಟು ಅವರು ಹೇಳುತ್ತಾರೆ.

— ಕೊಪ್ಪಳ