ಹಾಯಿದೋಣಿಗೆ ಪವರ್ ಸ್ಟೇಷನ್ ಒಂದೇ ಸಾಕಾ? ಬಳಸಿದವರ ಅನುಭವ

ಪ್ರಶ್ನೆ: ನಮ್ಮದು ಒಳಗೆ ಡೀಸೆಲ್ ಎಂಜಿನ್ ಇರುವ ಚಿಕ್ಕ ಹಾಯಿದೋಣಿ. ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿಗಳು ಚಾರ್ಜ್ ಹಿಡಿಯುತ್ತಿಲ್ಲ. ಅವನ್ನು ಕಿತ್ತು 1000 ವ್ಯಾಟ್ ಅವರ್‌ನ ಪವರ್ ಸ್ಟೇಷನ್ (ಬ್ಯಾಟರಿ, ಇನ್ವರ್ಟರ್, ಸಾಕೆಟ್ ಎಲ್ಲಾ ಒಂದೇ ಪೆಟ್ಟಿಗೆಯಲ್ಲಿರುವ, ಹೊತ್ತೊಯ್ಯಬಹುದಾದ ಸಾಧನ) ಇಟ್ಟರೆ ಸಾಕಾ? ಬಳಸಿದವರು ಹೇಳಿ.

ಉತ್ತರ: ನಮ್ಮ ದೋಣಿಯಲ್ಲಿ ಎರಡೂ ಇವೆ. ಪವರ್ ಸ್ಟೇಷನ್ ಖಂಡಿತ ತನ್ನಿ, ಆದರೆ ಬ್ಯಾಟರಿಯ ಬದಲಿಗೆ ಬೇಡ. ಎಂಜಿನ್ ಸ್ಟಾರ್ಟ್ ಆಗಲು ಒಂದೆರಡು ಕ್ಷಣ ನೂರಾರು ಆ್ಯಂಪ್ ಬೇಕು. ಪವರ್ ಸ್ಟೇಷನ್ನಿನ 12 ವೋಲ್ಟ್ ಸಾಕೆಟ್ ಸಾಮಾನ್ಯವಾಗಿ ಕೊಡುವುದು 10 ಆ್ಯಂಪ್. ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಲಂಗರು ದೀಪದ್ದು. ರಾತ್ರಿ ಲಂಗರು ಹಾಕಿ ಮಲಗಿದಾಗ ಹಾಯಿಕಂಬದ ತುದಿಯಲ್ಲಿ ಉರಿಯುವ ಎಲ್‌ಇಡಿ ಎಳೆಯುವುದು ಎರಡು ಮೂರು ವ್ಯಾಟ್ ಅಷ್ಟೆ. ಲೋಡ್ ಇಷ್ಟು ಕಡಿಮೆ ಇದ್ದರೆ ಕೆಲವು ಪವರ್ ಸ್ಟೇಷನ್‌ಗಳು ಯಾರೂ ಬಳಸುತ್ತಿಲ್ಲ ಅಂದುಕೊಂಡು ತಾವಾಗಿಯೇ ಆಫ್ ಆಗುತ್ತವೆ. ನಮ್ಮದೂ ಹಾಗೇ ಆಯಿತು, ಆಮೇಲೆ ಸೆಟ್ಟಿಂಗ್ ಹುಡುಕಿ ಬದಲಿಸಿದೆ. ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ದೀಪ ಇರಬೇಕು ಅನ್ನುವುದು 1972ರ ಅಂತರರಾಷ್ಟ್ರೀಯ ನಿಯಮ, ತೀರಾ ಪುಟ್ಟ ದೋಣಿಗಳಿಗೆ ಮಾತ್ರ ಕೆಲವು ಕಡೆ ವಿನಾಯಿತಿ.

ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ವಿಷಯವಂತೂ ಇನ್ನೂ ಗಂಭೀರ. ತಳದಲ್ಲಿ ನೀರು ಏರಿ ಫ್ಲೋಟ್ ಸ್ವಿಚ್ ಮೇಲೆದ್ದ ಕೂಡಲೇ ಕರೆಂಟ್ ಸಿಗಬೇಕು. ದೋಣಿಯಲ್ಲಿ ಯಾರೂ ಇಲ್ಲದಾಗಲೂ ಸಿಗಬೇಕು. ಬಟನ್ ಒತ್ತಿ ಎಬ್ಬಿಸಬೇಕಾದ ಪೆಟ್ಟಿಗೆಯನ್ನು ಈ ಕೆಲಸಕ್ಕೆ ನಂಬಬೇಡಿ. ಬೇರೆ ದೋಣಿ, ದಡದವರ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ ಕೂಡ ಬ್ಯಾಟರಿ ಮೇಲೇ ಇರಲಿ.

ಇನ್ನೊಬ್ಬರು: ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗೆ ತಗುಲಿಸುವ ಎಂಜಿನ್. ಬೆಳಿಗ್ಗೆ ಹೋಗಿ ಮರುದಿನ ವಾಪಸ್. ನಮಗೆ ಪವರ್ ಸ್ಟೇಷನ್ ತುಂಬಾ ಚೆನ್ನಾಗಿದೆ, ಮನೆಗೆ ಹೊತ್ತು ತಂದು ಚಾರ್ಜ್ ಮಾಡುತ್ತೇವೆ. 100 ಆ್ಯಂಪ್ ಅವರ್‌ನ ಲೆಡ್ ಆ್ಯಸಿಡ್‌ನಲ್ಲಿ ಇರುವುದು 1200 ವ್ಯಾಟ್ ಅವರ್, ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಅಲ್ವಾ? ಆ ಲೆಕ್ಕದಲ್ಲಿ ಪವರ್ ಸ್ಟೇಷನ್ನೇ ಮೇಲು. ತೂಕವೂ ಕಡಿಮೆ.

ಒಂದು ಮಾತು: ಫ್ರಿಜ್ 12 ವೋಲ್ಟಿನದಾದರೆ 12 ವೋಲ್ಟ್ ಸಾಕೆಟ್ಟಿಗೇ ಕೊಡಿ. ಸುಮ್ನೆ ಇನ್ವರ್ಟರ್ ಆನ್ ಇಟ್ಟರೆ ಏನೂ ಓಡಿಸದಿದ್ದರೂ ಅದೇ ಚಾರ್ಜ್ ತಿನ್ನುತ್ತಿರುತ್ತದೆ. ಪೆಟ್ಟಿಗೆಯನ್ನು ಬೆಲ್ಟ್ ಹಾಕಿ ಬಿಗಿಯಿರಿ, ದೋಣಿ ವಾಲಿದಾಗ ಅದು ಹಾರಿ ಬಂದರೆ ಕಾಲು ಮುರಿಯುತ್ತದೆ. ಫ್ಯಾನ್ ಉಪ್ಪುಗಾಳಿಯನ್ನು ಒಳಗೆ ಎಳೆಯುತ್ತದೆ, ಹಾಗಾಗಿ ಡೆಕ್ ಮೇಲೆ ಇಡಬೇಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ಬ್ಯಾಟರಿಯೇ ಹಾಕಿಸುತ್ತೇನೆ. ಲಿಥಿಯಂ ಹಾಕಿ ಎಂಜಿನ್ನಿನ ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ನೇರ ಜೋಡಿಸಬಹುದಾ?

ಮೊದಲು ಉತ್ತರಿಸಿದವರು: ನೇರ ಬೇಡ. ಲಿಥಿಯಂ ಬ್ಯಾಟರಿ ಎಷ್ಟು ಕೊಟ್ಟರೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಸ್ಟಾರ್ಟಿಂಗ್‌ಗೆ ಲೆಡ್ ಆ್ಯಸಿಡ್ಡೇ ಒಂದು ಪ್ರತ್ಯೇಕ ಇರಲಿ, ಉಳಿದದ್ದಕ್ಕೆ ಲಿಥಿಯಂ. ಮೇನ್ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು. ದೂರದಲ್ಲಿ ಹಾಕಿದರೆ ನಡುವಿನ ವೈರ್ ಶಾರ್ಟ್ ಆದಾಗ ಬೆಂಕಿ ತಡೆಯಲು ಏನೂ ಇರುವುದಿಲ್ಲ.