ನೋಟ್‌ನಲ್ಲಿ ‘ಯೂರಿನರಿ ಇನ್‌ಕಾಂಟಿನೆನ್ಸ್’ ಎಂದಷ್ಟೇ ಇದ್ದರೆ ಯಾವ ಕೋಡ್?

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಅಮೆರಿಕದ ಹೊರರೋಗಿ ಚಾರ್ಟ್‌ಗಳನ್ನು ಓದಿ, ರೋಗಗಳಿಗೆ ಐಸಿಡಿ-10-ಸಿಎಂ (ಅಮೆರಿಕದಲ್ಲಿ ಬಳಸುವ ರೋಗಸಂಕೇತಗಳ ಪಟ್ಟಿ) ಕೋಡ್ ಹಾಕುತ್ತಿದ್ದೇನೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತದೆ, ಕೆಲವೊಮ್ಮೆ ಅವಸರವಾಗಿ ಶೌಚಾಲಯ ತಲುಪುವುದರೊಳಗೇ ಹೋಗಿಬಿಡುತ್ತದೆ ಎಂಬ ರೋಗಿಯ ಮಾತನ್ನು ದಾಖಲಿಸಿರುವ ವೈದ್ಯರು, ಅಸೆಸ್‌ಮೆಂಟ್‌ನಲ್ಲಿ (ರೋಗನಿರ್ಣಯ ಬರೆಯುವ ಭಾಗದಲ್ಲಿ) ‘ಯೂರಿನರಿ ಇನ್‌ಕಾಂಟಿನೆನ್ಸ್’ (ತಡೆಯಲಾಗದೆ ಮೂತ್ರ ಸೋರುವುದು) ಎಂದಷ್ಟೇ ಬರೆದಿದ್ದಾರೆ. ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವಾಗ ಮಿಕ್ಸೆಡ್ (ಎರಡೂ ಬಗೆ ಸೇರಿದ್ದು) ಎಂದು ಎನ್39.46 ಹಾಕಬಹುದೇ?

ಉತ್ತರ: ಹಾಕಬಾರದು. ಲಕ್ಷಣಗಳನ್ನು ಓದಿ ಸೋರಿಕೆಯ ಬಗೆಯನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ಅವರು ಬರೆಯದ ರೋಗನಿರ್ಣಯವನ್ನು ಕೋಡರ್ ಸೇರಿಸಿದರೆ ಅದು ಆ ರೋಗಿಯ ಕಡತದಲ್ಲಿ ನಿಜವೆಂದೇ ಉಳಿದು, ಮುಂದಿನ ಚಿಕಿತ್ಸೆಗೂ ಆಧಾರವಾಗಬಹುದು. ಈಗಿರುವ ಬರಹಕ್ಕೆ ಸಿಗುವುದು ಆರ್32 (ಬಗೆ ಹೇಳದ ಮೂತ್ರ ಸೋರಿಕೆ) ಮಾತ್ರ. ಆದರೆ ಅಲ್ಲಿಗೇ ನಿಲ್ಲಿಸದೆ ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಲಿಖಿತ ಪ್ರಶ್ನೆ) ಕಳಿಸಿ. ಅದರಲ್ಲಿ ರೋಗಿ ಹೇಳಿದ ಎರಡೂ ಲಕ್ಷಣಗಳನ್ನು ನೋಟ್‌ನಲ್ಲಿರುವಂತೆಯೇ ಉಲ್ಲೇಖಿಸಿ, ಸ್ಟ್ರೆಸ್ (ಕೆಮ್ಮು, ಸೀನಿನ ಒತ್ತಡಕ್ಕೆ ಸೋರುವುದು), ಅರ್ಜ್ (ಅವಸರವಾಗಿ ತಡೆಯಲಾಗದೆ ಸೋರುವುದು), ಮಿಕ್ಸೆಡ್, ಇತರೆ, ಹೇಳಲಾಗದು ಎಂಬ ಆಯ್ಕೆಗಳನ್ನು ಕೊಡಿ. ‘ಇದು ಮಿಕ್ಸೆಡ್ ಅಲ್ಲವೇ?’ ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆ ಬೇಡ, ವಿಮೆಯ ಕ್ಲೇಮ್ ಹಣದ ಪ್ರಸ್ತಾಪವಂತೂ ಬೇಡವೇ ಬೇಡ.

ವೈದ್ಯರು ಮಿಕ್ಸೆಡ್ ಎಂದು ದೃಢಪಡಿಸಿದರೆ ಎನ್39.46 ಒಂದೇ ಸಾಕು. ಸ್ಟ್ರೆಸ್‌ಗೆ ಎನ್39.3, ಅರ್ಜ್‌ಗೆ ಎನ್39.41 ಎಂದು ಎರಡನ್ನೂ ಜೊತೆಗೆ ಹಾಕುವ ತಪ್ಪನ್ನು ಆಡಿಟ್‌ನಲ್ಲಿ ಈಗಲೂ ನೋಡುತ್ತೇನೆ. ಎಕ್ಸ್‌ಕ್ಲೂಡ್ಸ್1 (ಈ ಕೋಡ್‌ಗಳನ್ನು ಒಟ್ಟಿಗೆ ಹಾಕಬಾರದೆಂದು ಪಟ್ಟಿಯಲ್ಲೇ ಇರುವ) ಸೂಚನೆ ಅದನ್ನು ತಡೆಯುತ್ತದೆ. ಓವರ್‌ಆ್ಯಕ್ಟಿವ್ ಬ್ಲ್ಯಾಡರ್ (ಅತಿಯಾಗಿ ಚುರುಕಾದ ಮೂತ್ರಕೋಶ) ಇದೆಯೆಂದು ವೈದ್ಯರು ಬರೆದಿದ್ದರೆ ಎನ್32.81 ಅನ್ನೂ ಸೇರಿಸಬೇಕು. ‘ಸಸ್ಪೆಕ್ಟೆಡ್’, ‘ಪ್ರಾಬಬಲ್’ ಎಂದಿದ್ದರೆ ಹೊರರೋಗಿ ಚಾರ್ಟ್‌ನಲ್ಲಿ ಆ ರೋಗವನ್ನು ಕೋಡ್ ಮಾಡುವಂತಿಲ್ಲ, ಲಕ್ಷಣವನ್ನಷ್ಟೇ ಮಾಡಬೇಕು.

ಪ್ರಶ್ನೆ: ಧನ್ಯವಾದ ಮೇಡಂ. ತೀವ್ರ ಸಂಧಿವಾತದಿಂದ ಎದ್ದು ನಡೆಯಲಾಗದೆ ಹಾಸಿಗೆಯಲ್ಲೇ ಮೂತ್ರವಾಗುವ ವೃದ್ಧರಿಗೂ ಆರ್32 ತಾನೇ?

ಉತ್ತರ: ವೈದ್ಯರು ಅದನ್ನು ‘ಫಂಕ್ಷನಲ್’ ಎಂದು ಬರೆದಿದ್ದರೆ ಆರ್39.81, ಜೊತೆಗೆ ಸಂಧಿವಾತದ ಕೋಡ್. ಇಲ್ಲಿ ತೊಂದರೆಯಿರುವುದು ಮೂತ್ರಕೋಶದಲ್ಲಲ್ಲ, ಶೌಚಾಲಯ ತಲುಪಲಾಗದ ದೇಹಸ್ಥಿತಿಯಲ್ಲಿ. ಡಿಮೆನ್ಷಿಯಾದಂಥ ಅರಿವಿನ ಕೊರತೆಯಿಂದ ಹೀಗಾದರೂ ಇದೇ ಕೋಡ್. ಪ್ರಾಸ್ಟೇಟ್ ದೊಡ್ಡದಾಗಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ತುಂಬಿ ಸೋರುತ್ತಿದೆಯೆಂದು ದಾಖಲಾಗಿದ್ದರೆ ಮಾತ್ರ ದಾರಿ ಬೇರೆ: ಮೊದಲು ಪ್ರಾಸ್ಟೇಟ್‌ಗೆ ಎನ್40.1, ನಂತರ ಓವರ್‌ಫ್ಲೋಗೆ ಎನ್39.490.