ಕುಂದವಾಡ ಕೆರೆ ಸುತ್ತ ಮಗುವನ್ನ ಕೂರಿಸ್ಕೊಂಡು ಓಡೋಕೆ ಎಂಥ ಸ್ಟ್ರೋಲರ್ ತಗೋಬೇಕು?

ಬೆಳಗಿನ ಓಟ (ದಾವಣಗೆರೆ):

ಮಗುವಿಗೆ ಐದು ತಿಂಗಳು, ತೂಕ 7 ಕೆ.ಜಿ. ನಾವಿಬ್ಬರೂ ಓಡುವವರು. ವಾರಕ್ಕೆ ನಾಲ್ಕು ದಿನ, ಐದಾರು ಕಿ.ಮೀ. ಹೆಚ್ಚಿನ ದಿನ ಕುಂದವಾಡ ಕೆರೆ ಸುತ್ತಿನ ದಾರಿ, ಉಳಿದಂತೆ ಬಡಾವಣೆಯ ಡಾಂಬರು ರಸ್ತೆ. ಅಂಗಡಿಗಳಲ್ಲಿ ಮೂರು ಚಕ್ರದ ಪ್ರಾಮ್ ತೋರಿಸಿ ಜಾಗಿಂಗ್‌ಗೆ ಇದೇ ಸಾಕು ಅಂತಾರೆ. ಡಿಸೆಂಬರ್‌ನಲ್ಲಿ ನೆಂಟರು ಅಮೆರಿಕದಿಂದ ಬರ್ತಿದಾರೆ, ಬೇಕಿದ್ರೆ ಅಲ್ಲಿಂದಲೇ ತರ್ತಾರೆ. ಮೂರು ಚಕ್ರ ಇದ್ದ ಮಾತ್ರಕ್ಕೆ ಅದು ಓಟದ ಗಾಡಿ ಆಗತ್ತಾ? ಮುಂದಿನ ಚಕ್ರ ತಿರುಗೋದು ಒಳ್ಳೇದಾ, ತಿರುಗದೇ ಇರೋದಾ? ಯಾವ ತಿಂಗಳಿಂದ ಶುರು ಮಾಡಬಹುದು?

ಗಾಲಿ ಲೆಕ್ಕ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಉಳಿದದ್ದೆಲ್ಲ ಅದರ ನಂತರದ ಮಾತು. ಐದು ತಿಂಗಳಿಗೆ ಓಟ ಬೇಡ. ಥೂಲೆ ಕಂಪನಿ ತನ್ನ ಗಾಡಿಗಳಿಗೆ ಕನಿಷ್ಠ ಆರು ತಿಂಗಳು ಅನ್ನುತ್ತೆ, ಬಾಬ್ ಎಂಟು ತಿಂಗಳು ಅನ್ನುತ್ತೆ. ಎಂಟನ್ನೇ ಹಿಡಿಯಿರಿ. ನಡಿಗೆಯಲ್ಲಿ ಕಾಣದ ಸಣ್ಣ ಸಣ್ಣ ಕುಲುಕು ಓಟದಲ್ಲಿ ಒಂದರ ಹಿಂದೆ ಒಂದು ಬರುತ್ತೆ. ಅದನ್ನ ತಡ್ಕೊಳ್ಳೋದು ಮಗುವಿನ ಕತ್ತು. ಆಸರೆ ಇಲ್ಲದೆ ಕೂತು, ತಲೆ ನೆಟ್ಟಗೆ ಹಿಡಿದು ಆಚೀಚೆ ತಿರುಗಿಸಿ ನೋಡೋ ಹೊತ್ತಿಗೆ ಆ ಶಕ್ತಿ ಬಂದಿರುತ್ತೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ತಿಂಗಳ ಲೆಕ್ಕ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ. ಹೇಗಿದ್ದರೂ ಮೊದಲ ಓಟಕ್ಕೆ ಮುಂಚೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಸೀಟು ಪೂರ್ತಿ ಮಲಗುವ ಗಾಡಿಯಾದರೆ ಅಲ್ಲಿಯವರೆಗೆ ಬರೀ ನಡಿಗೆಗೆ ಬಳಸಬಹುದು. ಕಾರ್ ಸೀಟನ್ನು ಗಾಡಿಗೆ ಸಿಕ್ಕಿಸೋ ಕ್ಲಿಪ್ ಕೂಡ ನಡಿಗೆಗೆ ಮಾತ್ರ, ಓಟಕ್ಕಲ್ಲ.

ಇನ್ನು ಅಂಗಡಿಯವರ ಮೂರು ಚಕ್ರದ ವಿಷಯ. ಓಟದ ಗಾಡಿ ಅನ್ನಿಸಿಕೊಳ್ಳೋದು ಚಕ್ರದ ಲೆಕ್ಕದಿಂದಲ್ಲ, ಚಕ್ರದ ಅಳತೆಯಿಂದ ಮತ್ತು ಒಳಗಿನ ಗಾಳಿಯಿಂದ. ಹಿಂದೆ 16 ಇಂಚು, ಮುಂದೆ 12 ಅಥವಾ 16 ಇಂಚು, ಟ್ಯೂಬ್ ಇರೋ ಟೈರು. ಅಂಗೈ ಅಗಲದ ಗಟ್ಟಿ ಫೋಮ್ ಚಕ್ರ ಹೆಬ್ಬೆರಳು ಗಾತ್ರದ ಕಲ್ಲು ಸಿಕ್ಕರೂ ನಿಂತುಬಿಡುತ್ತೆ. ಚಕ್ರ ನಿಂತರೂ ಓಡ್ತಿರೋರ ಮೈ ನಿಲ್ಲಲ್ಲ, ಹಿಂದಿನಿಂದ ಗಾಡಿಯನ್ನ ಎತ್ತಿಹಾಕುತ್ತೆ. ಗಾಡಿ ಮುಗ್ಗರಿಸೋದು ಹೀಗೆ. ದೊಡ್ಡ ಚಕ್ರ ಅದೇ ಕಲ್ಲನ್ನ ಹತ್ತಿ ಇಳಿಯುತ್ತೆ.

ಅಂಗಡಿಯಲ್ಲೇ ಮೂರು ನಿಮಿಷದಲ್ಲಿ ನೋಡಬಹುದಾದ್ದು ಇಷ್ಟು. ಮುಂದಿನ ಚಕ್ರ ತಿರುಗೋದಾದರೆ ಅದಕ್ಕೆ ಲಾಕ್ ಇದೆಯಾ, ಲಾಕ್ ಹಾಕಿ ಕೈಯಲ್ಲಿ ತಿರುಚಿದರೆ ಅಲ್ಲಾಡುತ್ತಾ? ಬೆಲ್ಟ್ ಐದು ಕಡೆಯಿಂದ ಬರುತ್ತಾ, ಅಂದರೆ ಎರಡು ಭುಜ, ಎರಡು ಸೊಂಟ, ಒಂದು ಕಾಲ ನಡುವೆ? ಹಿಡಿಗೆ ಮಣಿಕಟ್ಟಿನ ಪಟ್ಟಿ ಇದೆಯಾ? ಹಿಂದಿನ ಆಕ್ಸಲ್ಲಿಗೆ ಸ್ಪ್ರಿಂಗ್ ಇದೆಯಾ? ಒಂದಿಲ್ಲದಿದ್ದರೂ ಅದು ಪಾರ್ಕಿಗೆ ಹೋಗೋ ಪ್ರಾಮ್, ಅಷ್ಟೆ. ಮುಂದಿನ ಚಕ್ರದ ಬಗ್ಗೆ ಕೇಳಿದ್ರಲ್ಲ, ನನ್ನ ಮತ ತಿರುಗದೇ ಇರೋ ಚಕ್ರಕ್ಕೆ. ಲಾಕ್ ಅನ್ನೋದು ಮರೆತುಹೋಗೋ ವಸ್ತು. ಬಿಚ್ಚಿದ ಚಕ್ರ ವೇಗದಲ್ಲಿ ಗಡಗಡ ನಡುಗಿ, ಒಂದು ಹಳ್ಳ ಸಿಕ್ಕರೆ ಅಡ್ಡಕ್ಕೆ ತಿರುಗಿಬಿಡುತ್ತೆ.

ದುರ್ಗದ ಏರು:

ಗಾಲಿ ಲೆಕ್ಕ ಅವರ ಕೊನೆಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ಒಪ್ಪುತ್ತೇನೆ. ತಿರುಗದ ಚಕ್ರ ಉದ್ದ ನೇರ ರಸ್ತೆಗೆ ಸರಿ. ಕೇಳಿದವರು ಬಡಾವಣೆಯಲ್ಲೂ ಓಡ್ತಾರೆ, ಪ್ರತಿ ಅಡ್ಡರಸ್ತೆಗೂ ಹಿಡಿ ಒತ್ತಿ ಮುಂದಿನ ಚಕ್ರ ಎತ್ತಿ ತಿರುಗಿಸಬೇಕು. ಗಾಡಿ 11–13 ಕೆ.ಜಿ., ಮೇಲೆ ಮಗು. ದಿನಕ್ಕೆ ನಲವತ್ತು ಸಲ ಹಾಗೆ ಮಾಡಿದರೆ ಸೊಂಟಕ್ಕೆ ಬರುತ್ತೆ, ಹೆರಿಗೆಯಾಗಿ ವರ್ಷ ತುಂಬದ ತಾಯಿಗಂತೂ ಅದು ಬೇಡವೇ ಬೇಡ. ಲಾಕ್ ಇರೋ ತಿರುಗುವ ಚಕ್ರ ತಗೊಳ್ಳಿ. ನಡಿಗೆಗೆ ಬಿಚ್ಚಿ, ಓಟಕ್ಕೆ ಹಾಕಿ. ಮರೆವಿಗೆ ಮದ್ದು ಒಂದೇ: ಮಗುವಿನ ಬೆಲ್ಟ್ ಹಾಕಿದ ಕೈಯಲ್ಲೇ ಚಕ್ರದ ಲಾಕ್ ಮುಟ್ಟಿ ನೋಡೋ ರೂಢಿ.

ಲಾಕ್ ಹಾಕಿದ ಮೇಲೆ ಗಾಡಿ ನೇರ ಹೋಗುತ್ತಾ ಅಂತ ನೋಡಲೇಬೇಕು. ಸಮತಟ್ಟಾದ ನೆಲದಲ್ಲಿ ಹತ್ತು ಮೀಟರ್ ದೂರ ಮೆಲ್ಲಗೆ ತಳ್ಳಿ, ಹಿಡಿತ ಸಡಿಲಿಸಿ. ಪಟ್ಟಿ ಮಣಿಕಟ್ಟಿನಲ್ಲೇ ಇರಲಿ, ಗಾಡಿಯಲ್ಲಿ ಮಗು ಇರಬಾರದು. ಒಂದು ಕಡೆಗೆ ಎಳೆದರೆ ಮೊದಲು ಎರಡು ಹಿಂದಿನ ಟೈರಿನ ಗಾಳಿ ಸಮ ಇದೆಯಾ ನೋಡಿ, ಆಮೇಲೆ ಚಕ್ರ ಪೂರ್ತಿ ಕೂತಿದೆಯಾ ನೋಡಿ. ಎರಡೂ ಸರಿಯಿದ್ದರೆ ಮಾತ್ರ ಮುಂದಿನ ಫೋರ್ಕಿನ ಹತ್ತಿರದ ತಿರುಪನ್ನ ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ ನೋಡಿ. ರಸ್ತೆಯ ಅಂಚಿನಲ್ಲಿ ಪರೀಕ್ಷೆ ಮಾಡಬೇಡಿ. ನೀರು ಹರಿಯಲೆಂದು ರಸ್ತೆ ಅಂಚಿಗೆ ವಾಲಿರುತ್ತೆ, ಸರಿಯಿರೋ ಗಾಡಿಯೂ ಅತ್ತಲೇ ಎಳೆಯುತ್ತೆ.

ಬ್ರೇಕು ಎರಡು ಬಗೆ, ಕೆಲಸವೂ ಬೇರೆ ಬೇರೆ. ಹಿಂದಿನ ಚಕ್ರಕ್ಕೆ ಕಾಲಲ್ಲಿ ಒತ್ತೋದು ನಿಲ್ಲಿಸಿಡೋಕೆ. ಹಿಡಿಯಲ್ಲಿರೋ ಕೈಬ್ರೇಕು ಇಳಿಜಾರಲ್ಲಿ ವೇಗ ತಗ್ಗಿಸೋಕೆ. ದಾವಣಗೆರೆಯ ಸಪಾಟು ನೆಲಕ್ಕೆ ಕೈಬ್ರೇಕು ಇಲ್ಲದಿದ್ದರೂ ನಡೆಯುತ್ತೆ. ಚಿತ್ರದುರ್ಗಕ್ಕೆ ಬಂದು ಚಂದ್ರವಳ್ಳಿ ಕಡೆಗೋ ಜೋಗಿಮಟ್ಟಿ ರಸ್ತೆಯಲ್ಲೋ ಓಡೋದಾದರೆ ಕೈಬ್ರೇಕು ಇಲ್ಲದ ಗಾಡಿ ತರಬೇಡಿ. ಕಾಲಿನ ಬ್ರೇಕನ್ನ ಪರೀಕ್ಷಿಸೋಕೆ ಹತ್ತು ಕೆ.ಜಿ. ಅಕ್ಕಿ ಚೀಲ ಸೀಟಲ್ಲಿಟ್ಟು ಬೆಲ್ಟ್ ಬಿಗಿದು, ಇಳಿಜಾರಲ್ಲಿ ಬ್ರೇಕ್ ಒತ್ತಿ, ಕೈ ಹತ್ತಿರದಲ್ಲೇ ಇಟ್ಕೊಂಡು ಬಿಡಿ. ಒಂದಿಂಚು ಸರಿದರೂ ಅದು ಬ್ರೇಕಲ್ಲ.

ಗಾಳಿಯ ಮಾತು ನಮ್ಮ ಕಡೆಯವರು ಹೇಳಲೇಬೇಕು. ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರದ ಸಾಲು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿಗೆ ಬಿಚ್ಚಿದ ಮೇಲ್ಛಾವಣಿ ಹಾಯಿಪಟದಂತೆ ಕೆಲಸ ಮಾಡುತ್ತೆ. ಬ್ರೇಕ್ ಹಾಕದೆ ಲೇಸ್ ಕಟ್ಟೋಕೆ ಬಗ್ಗಿದರೆ ಸಾಕು, ಖಾಲಿ ಗಾಡಿ ಹೊರಟೇಬಿಡುತ್ತೆ. ಮಣಿಕಟ್ಟಿನ ಪಟ್ಟಿ ಇರೋದು ಇದಕ್ಕೇ. ಓಡುವಾಗ ಅದು ಹಿಡಿಗೆ ಸುತ್ತಿರಬಾರದು, ಕೈಯಲ್ಲೇ ಇರಬೇಕು.

ಬೆಳಗಿನ ಓಟ:

ತುಂಬಾ ಧನ್ಯವಾದ. ಮಗು ಎಂಟು ತಿಂಗಳಿಗೆ ಬರೋ ಹೊತ್ತಿಗೆ ನೆಂಟರೂ ಬಂದಿರ್ತಾರೆ, ಸರಿಹೋಯ್ತು. ಅವರ ಹತ್ತಿರ 2014ರ ಬಾಬ್ ಗಾಡಿ ಒಂದು ಸುಮ್ಮನೆ ಬಿದ್ದಿದೆಯಂತೆ, ಬೇಕಾದ್ರೆ ಅದನ್ನೇ ತರ್ತೀವಿ ಅಂದಿದಾರೆ. ಹಳೇದು ತಗೋಬಹುದಾ? ಟೈರು ಪಂಕ್ಚರ್ ಆದ್ರೆ ಇಲ್ಲಿ ಟ್ಯೂಬ್ ಸಿಗತ್ತಾ?

ಪಂಕ್ಚರ್ ಪೆಟ್ಟಿಗೆ:

ಟ್ಯೂಬಿನ ಚಿಂತಿ ಬಿಡ್ರಿ ಅಕ್ಕಾರೆ. ಈ ಗಾಡಿ ಹುಟ್ಟಿದ್ದೇ ಸೈಕಲ್ ಚಕ್ರದಿಂದ. 1984ರಾಗ ಅಮೆರಿಕದ ಯಾಕಿಮಾ ಊರಿನ ಫಿಲ್ ಬೇಕ್ಲರ್ ಅನ್ನೋರು ಮಗನ್ನ ಕೂರಿಸ್ಕೊಂಡು ಓಡಾಕಂತ ಸ್ಟ್ರೋಲರಿಗೆ ಸೈಕಲ್ ಚಕ್ರ ಕೂಡಿಸಿದ್ರು, ಅಲ್ಲಿಂದ ಬಂದ ವಂಶ ಇದು. ಹಿಂದಿನ 16 ಇಂಚಿನ ಟ್ಯೂಬು ನಮ್ಮ ಮಕ್ಕಳ ಸೈಕಲ್ಲಿನದೇ, ಮುಂದಿನ 12 ಇಂಚಿಂದೂ ಹಂಗೇ. ಆದ್ರ ‘16 ಇಂಚು’ ಅಂತ ಬಾಯಾಗ ಹೇಳಿ ತರಬ್ಯಾಡ್ರಿ. ಟೈರಿನ ಪಕ್ಕದಾಗ ಸಣ್ಣ ಅಕ್ಷರದಾಗ ಅಚ್ಚಾಗಿರ್ತದ, 47-305 ಅಂತನೋ 62-203 ಅಂತನೋ. ಟೈರು ತರೋದಿದ್ರ ಹಿಂದಿನ ಮೂರಂಕಿ ಹೊಂದಲೇಬೇಕು. 349 ಅಂತ ಇರೋದೂ 16 ಇಂಚೇ, ಆದ್ರ 305ರ ರಿಮ್ಮಿಗೆ ಕೂರಂಗಿಲ್ಲ.

ವಾಲ್ವ್ ಒಂದು ನೋಡ್ಕೊಳ್ರಿ. ಅಲ್ಲಿಂದ ಬರೋ ಗಾಡಿಗೆ ಸಾಮಾನ್ಯವಾಗಿ ಸ್ಕೂಟರ್ ನಮೂನಿ ವಾಲ್ವ್ ಇರ್ತದ. ಇಲ್ಲಿ ಸೈಕಲ್ ಅಂಗಡ್ಯಾಗ ಹಳೇ ನಮೂನಿ ವಾಲ್ವಿನ ಟ್ಯೂಬ್ ಕೊಟ್ರೂ ತೂತಿನಾಗ ಕೂಡ್ತದ, ಗಾಳೀನೂ ಹಿಡೀತದ. ಆದ್ರ ಆ ವಾಲ್ವಿನಾಗ ಮೀಟರ್ ಇಟ್ರ ಒತ್ತಡ ಸರಿಯಾಗಿ ತೋರಸಂಗಿಲ್ಲ. ಅದಕ್ಕ ಸ್ಕೂಟರ್ ವಾಲ್ವಿನದೇ ಕೇಳಿ ತಗೊಳ್ರಿ.

ಬಂಕಿನಾಗ ಗಾಳಿ ಹಾಕಿಸಬ್ಯಾಡ್ರಿ, ಇದನ್ನ ಮಾತ್ರ ನೆನಪಿಟ್ಕೊಳ್ರಿ. ಈ ಟೈರಿಗೆ ಬೇಕಾಗೋದು ಹೆಚ್ಚೂಕಮ್ಮಿ 20ರಿಂದ 30 ಪಿಎಸ್‌ಐ, ಗರಿಷ್ಠ ಎಷ್ಟು ಅನ್ನೋದು ಟೈರಿನ ಮ್ಯಾಲೇ ಬರ್ದಿರ್ತದ. ಬಂಕಿನ ಯಂತ್ರ ಕಾರಿನ ಟೈರು ತುಂಬಾಕ ಇರೋದು. ಈ ಪುಟ್ಟ ಟ್ಯೂಬಿನಾಗ ಜಾಗಾನೇ ಇಲ್ಲ, ಕಣ್ಣುಮುಚ್ಚಿ ತೆರೆಯೋದ್ರಾಗ ಮಿತಿ ದಾಟಿ ಢಬ್ ಅಂತದ. ಒಡೀದಿದ್ರೂ ಕಲ್ಲಿನಂಗ ಗಟ್ಟಿ ಆಗ್ತದ, ಆಮ್ಯಾಲ ಸ್ಪ್ರಿಂಗ್ ಇದ್ದೂ ಕುಲುಕೆಲ್ಲ ಕೂಸಿಗೇ. ಮೀಟರ್ ಇರೋ ಕೈಪಂಪು ಒಂದು ಮನ್ಯಾಗಿರಲಿ, ವಾರಕ್ಕೊಮ್ಮೆ ನೋಡ್ರಿ.

ಕೆರೆ ಕಡೆ, ಹೊಲದ ದಾರಿ ಕಡೆ ಪಂಕ್ಚರ್ ಅಂದ್ರ ಬಳ್ಳಾರಿ ಜಾಲಿ ಮುಳ್ಳು. ಮುಳ್ಳು ಹೊಕ್ಕು ಮುರೀತದ, ಹೊರಗ ಕಾಣಂಗಿಲ್ಲ. ಹೊಸ ಟ್ಯೂಬ್ ಹಾಕಿ ಮರುದಿನ ಮತ್ತ ಇಳೀತು ಅಂದ್ರ ತಪ್ಪು ಟ್ಯೂಬಿಂದಲ್ಲ. ಟೈರು ಬಿಚ್ಚಿ ಒಳಗ ಹತ್ತಿಬಟ್ಟೆ ಸುತ್ತಿ ಒರೆಸ್ರಿ, ಮುಳ್ಳಿನ ಮೊನೆಗೆ ನೂಲು ಸಿಕ್ಕಿಕೊಳ್ತದ, ಅಲ್ಲಿ ಕಟಿಂಗ್ ಪ್ಲೇಯರಿನಿಂದ ಎಳೀರಿ. ಬರೀ ಬೆರಳಿನಿಂದ ಹುಡುಕಿದ್ರ ಬೆರಳಿಗೇ ಚುಚ್ಚತದ.

ಹಳೇ ಗಾಡಿ ಬಗ್ಗೆ. 2014ರ ಬಾಬ್ ಅಂದ್ರ ಮುಂದಿನ ಚಕ್ರಕ್ಕ ಸೈಕಲ್ಲಿಗಿರೋ ಹಂಗ ಲಿವರ್ ಮಡಚಿ ಬಿಗಿಯೋ ನಮೂನಿ ಇದ್ದೀತು. ಸರಿಯಾಗಿ ಬಿಗೀದಿದ್ರ ಓಡೋವಾಗ ಚಕ್ರ ಕಳಚ್ತದ. 2018ರಾಗ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದೇ ವಿಷಯಕ್ಕ ಬಾಬ್ ಗಾಡಿ ಮಾಡೋ ಬ್ರಿಟ್ಯಾಕ್ಸ್ ಕಂಪನಿ ಮ್ಯಾಲ ಪ್ರಕರಣ ಹಾಕಿತ್ತು. ಅದೇ ವರ್ಷ ನವೆಂಬರ್‌ನಾಗ ರಾಜಿ ಆಗಿ, ಲಿವರ್ ಹೆಂಗ ಬಿಗೀಬೇಕು ಅಂತ ಜನಕ್ಕ ತಿಳಿಸೋ ಕೆಲಸ ಕಂಪನಿ ಒಪ್ಪಿಕೊಂತು. 30 ಸೆಪ್ಟೆಂಬರ್ 2015ಕ್ಕಿಂತ ಮೊದಲು ತಯಾರಾದ ಗಾಡಿ ಇದ್ದೋರಿಗೆ ಲಿವರ್ ಬದಲು ಬೋಲ್ಟ್ ಹಾಕೋ ಆಕ್ಸಲ್ಲಿನ ಆಯ್ಕೆನೂ ಇತ್ತು. ನಿಮ್ಮ ನೆಂಟರು ಅದನ್ನ ಹಾಕಿಸ್ಯಾರೇನು ಕೇಳ್ರಿ. ಲಿವರ್ರೇ ಇದ್ರ ಬಿಗಿಯೋದು ಹಿಂಗ: ಚಕ್ರ ಫೋರ್ಕಿನ ತಳದ ತನಕ ಕೂಡ್ಲಿ. ಇನ್ನೊಂದು ಬದಿ ನಟ್ ಕೈಲೆ ತಿರುಗಿಸ್ತಾ ಬರ್ರಿ. ಲಿವರ್ ಅರ್ಧ ದಾರಿಗೆ ಬಂದಾಗ ಬಿಗಿ ಆಗಾಕ ಶುರು ಆಗಬೇಕು, ಪೂರ್ತಿ ಮಡಚಿದಾಗ ಅಂಗೈ ಮ್ಯಾಲ ಅದರ ಗುರುತು ಮೂಡಬೇಕು. ಸಲೀಸಾಗಿ ಮಡಚಿದ್ರ ಅದು ಬಿಗಿದಂಗಲ್ಲ. ಆಮ್ಯಾಲ ಮುಂದಿನ ಭಾಗ ಎತ್ತಿ ಚಕ್ರಕ್ಕ ಮ್ಯಾಲಿಂದ ಅಂಗೈಲೆ ಗುದ್ದಿ ನೋಡ್ರಿ.

ಮಗು ಮತ್ತು ಬಿಸಿಲು:

ಗಾಡಿಯ ಬಗ್ಗೆ ಎಲ್ಲ ಬಂತು, ಒಳಗೆ ಕೂರೋರ ಬಗ್ಗೆ ಎರಡು ಮಾತು. ಏಪ್ರಿಲ್–ಮೇನಲ್ಲಿ ಏಳು ಗಂಟೆಯೊಳಗೆ ಮನೆಗೆ ವಾಪಸ್ ಬಂದಿರಿ. ಬಿಸಿಲು ಬಿತ್ತು ಅಂತ ಛಾವಣಿಯ ಮುಂದೆ ವೇಲನ್ನೋ ಟವೆಲನ್ನೋ ಇಳಿಬಿಡೋದು ಎಲ್ಲರೂ ಮಾಡೋ ತಪ್ಪು. ಎಷ್ಟೇ ತೆಳು ಬಟ್ಟೆ ಇರಲಿ, ಒಳಗೆ ಗಾಳಿ ಆಡಲ್ಲ, ಕೆಲವೇ ನಿಮಿಷದಲ್ಲಿ ಹೊರಗಿಗಿಂತ ಒಳಗೆ ಸೆಕೆ ಜಾಸ್ತಿ. ಮಗುವಿನ ಮುಖವೂ ನಿಮಗೆ ಕಾಣಲ್ಲ. ಛಾವಣಿ ಮುಂದಕ್ಕೆ ಎಳೆಯಿರಿ, ಹಿಂದಿನ ಜಾಲರಿ ಕಿಟಕಿ ತೆಗೆದಿಡಿ. ಕೆರೆ ಪಕ್ಕ ಸೊಳ್ಳೆಗೆ ಗಾಡಿಯ ಅಳತೆಗೇ ಹೊಲಿದ ಪರದೆ ಸಿಗುತ್ತೆ, ಅದು ಸಾಕು.

ಮಾಗಿಯಲ್ಲಿ ಇದು ಉಲ್ಟಾ. ಓಡೋರಿಗೆ ಎರಡೇ ಕಿ.ಮೀ.ಗೆ ಬೆವರು, ಸುಮ್ಮನೆ ಕೂತ ಮಗುವಿನ ಮುಖಕ್ಕೆ ಎದುರುಗಾಳಿ. ನಿಮಗಿಂತ ಒಂದು ಪದರ ಬಟ್ಟೆ ಹೆಚ್ಚು ಹಾಕಿ. ಕೈಕಾಲು ಮುಟ್ಟಿ ನೋಡಬೇಡಿ, ಅವು ಯಾವಾಗಲೂ ತಣ್ಣಗೇ ಇರುತ್ತೆ. ಕತ್ತಿನ ಹಿಂದೆ ಬೆರಳಿಟ್ಟು ನೋಡಿ. ದಪ್ಪ ಸ್ವೆಟರ್ ಮೇಲೆ ಬೆಲ್ಟ್ ಬಿಗಿದರೆ ಬಿಗಿಯಾದಂತೆ ಕಾಣುತ್ತೆ, ಒಳಗೆ ಮಗು ಸಡಿಲವಾಗೇ ಇರುತ್ತೆ. ಅದಕ್ಕೆ ಮೊದಲು ಬೆಲ್ಟ್, ಅದರ ಮೇಲೆ ಶಾಲು. ಭುಜದ ಹತ್ತಿರ ಬೆಲ್ಟಿನಡಿ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಶಾಲಿನ ಅಂಚು ಪೂರ್ತಿ ಒಳಗೆ ಸಿಕ್ಕಿಸಿ, ಜೋತುಬಿದ್ದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತೆ.

ಬೆಳಗಿನ ಓಟ:

ಕೊನೇದೊಂದು. ನಮ್ಮಿಬ್ಬರ ಎತ್ತರದಲ್ಲಿ ಸುಮಾರು ಒಂದಡಿ ವ್ಯತ್ಯಾಸ. ಹಿಡಿ ಯಾರ ಅಳತೆಗೆ ನೋಡಬೇಕು?

ಗಾಲಿ ಲೆಕ್ಕ:

ಹಿಡಿ ಏರಿಳಿಯೋ ಗಾಡಿಯನ್ನೇ ತರಿಸಿ, ಹಾಗಿಲ್ಲದ ಮಾದರಿಗಳೂ ಇವೆ. ಹೊಕ್ಕುಳ ಎತ್ತರಕ್ಕೆ ಹಿಡಿ ಬಂದು, ಮೊಣಕೈ ಮಡಚಿ ಹಿಡಿಯೋ ಹಾಗಿದ್ದರೆ ಸರಿ. ಎತ್ತರದವರು ಇನ್ನೊಂದು ನೋಡಬೇಕು: ಹೆಜ್ಜೆ ಉದ್ದ ಇಟ್ಟಾಗ ಹೆಬ್ಬೆರಳು ಹಿಂದಿನ ಆಕ್ಸಲ್ಲಿಗೆ ತಾಗುತ್ತಾ ಅಂತ. ನಡೆದು ನೋಡಿದರೆ ಇದು ಗೊತ್ತಾಗಲ್ಲ, ಓಡಿಯೇ ನೋಡಬೇಕು. ಹಿಡಿಗೆ ಚೀಲ ನೇತುಹಾಕಬೇಡಿ, ಹಿಂದಕ್ಕೆ ಮಗುಚುತ್ತೆ. ನೀರಿನ ಬಾಟಲಿ, ಡೈಪರ್ ಎಲ್ಲ ಕೆಳಗಿನ ಬುಟ್ಟಿಗೆ. ದುರ್ಗದವರು ಹೇಳಿದ ಸೊಂಟದ ಮಾತು ಸರಿಯಿದೆ, ನಿಮ್ಮ ದಾರಿಗೆ ಲಾಕ್ ಇರೋ ತಿರುಗುವ ಚಕ್ರವೇ ಆಗಲಿ. ಅಂದಹಾಗೆ, ನೆಂಟರು ಬಾಕ್ಸ್ ಕಟ್ಟೋ ಮುಂಚೆ ಚಕ್ರ ಮೂರೂ ಬಿಚ್ಚಿ, ಆಕ್ಸಲ್ ಮತ್ತು ನಟ್ಟುಗಳನ್ನ ಒಂದು ಪೊಟ್ಟಣದಲ್ಲಿ ಕಟ್ಟಿ ಫ್ರೇಮಿಗೇ ಟೇಪ್ ಸುತ್ತಲಿ. ಟ್ಯೂಬು ದಾವಣಗೆರೆಯಲ್ಲಿ ಸಿಗುತ್ತೆ, ಆ ಆಕ್ಸಲ್ ಸಿಗಲ್ಲ.